ತಲೆ ಎತ್ತಿದೆಯಾ ನೋಡು

ಈ ಊರಲ್ಲಿ ಜ್ವರವೆಂದರೆ ಕಾಯಿಲೆಯಲ್ಲ.
ಶಿಡ್ಲಘಟ್ಟದ ಆಚೆ, ಕೊನೆಯ ಬಸ್ಸು ತಿರುಗಿಕೊಳ್ಳುವ ಜಾಗಕ್ಕೆ
ನಾನು ನರ್ಸಾಗಿ ಬಂದ ಮೊದಲ ವಾರ
ಅಕ್ಕಯ್ಯಮ್ಮ ಹೊಸಲಲ್ಲೇ ತಡೆದಳು:
"ಮನೆ ತುಂಬಾ ಜ್ವರ, ಒಳಗೆ ಬರ್ಬೇಡಿ."
ಮಾತ್ರೆಯ ಡಬ್ಬಿ ಹಿಡಿದು ನುಗ್ಗಿದೆ.
ತಟ್ಟೆ ತಟ್ಟೆಗಳಲ್ಲಿ ಹುಳು,
ಸೊಪ್ಪು ಬಿಟ್ಟು, ಪೊರೆ ಕಳಚಲು ಕೂತಿದ್ದವು.
"ಮೂರನೇ ಜ್ವರ," ಎಂದಳು. ನಗಲಿಲ್ಲ, ಪುಣ್ಯ.

ಆಮೇಲೆ ಕಲಿಸಿದಳು:
ಜ್ವರದ ಹುಳು ತಲೆ ಎತ್ತಿಕೊಂಡಿರುತ್ತೆ.
ಕಾಯಿಲೆಯದು ತಟ್ಟೆಯ ಅಂಚು ಹುಡುಕಿಕೊಂಡು ಅಲೆಯುತ್ತೆ,
ಗೆಣ್ಣು ಗೆಣ್ಣು ಊದಿ, ಮುಟ್ಟಿದರೆ ಹಾಲು.
ಸುಣ್ಣಕಟ್ಟು ಬಂದದ್ದು ಸೀಮೆಸುಣ್ಣದ ತುಂಡು.
ಮೈಮೇಲೆ ಮೆಣಸಿನಪುಡಿ ಉದುರಿದಂತಿದ್ದರೆ ಗಂಟುರೋಗ,
ತಟ್ಟೆಗೆ ತಟ್ಟೆ ಸುಡಬೇಕು,
ಅಳುತ್ತಾ ಕೂತರೆ ಪಕ್ಕದ ತಟ್ಟೆಯೂ ಹೋಗುತ್ತೆ.

ನಾನೂ ನನ್ನದನ್ನು ಹೇಳಿದೆ.
ಕಾಮಾಲೆಯನ್ನು ಟ್ಯೂಬ್‌ಲೈಟಿನಲ್ಲಿ ನೋಡಬಾರದು,
ಅಂಗಳಕ್ಕೆ ಕರೆದು ಹಗಲಲ್ಲಿ ಕಣ್ಣಿನ ಬಿಳಿ ನೋಡಬೇಕು.
ಭೇದಿ ಹತ್ತಿದ ಕೂಸಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ
ಸೀರೆಯ ನಿರಿಗೆಯಂತೆ ನಿಂತೇ ಇದ್ದರೆ
ಬಸ್ಸಿಗೆ ಕಾಯಬಾರದು.
ಕದ್ದು ಮಣ್ಣು ತಿನ್ನುವ ಬಸುರಿಯ ಕೆಳರೆಪ್ಪೆ ಮಡಿಸಿ
ಒಳಗೆ ಕೆಂಪೋ, ಸುಣ್ಣದ ಗೋಡೆಯೋ.
ಕೆಮ್ಮುವ ಮಗುವಿನ ಅಂಗಿ ಎತ್ತಿ, ಮಾತಾಡದೆ ಒಂದು ನಿಮಿಷ,
ಉಸಿರು ಎಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಾ?
"ಅಷ್ಟೇನಾ," ಎಂದಳು ಅಕ್ಕಯ್ಯಮ್ಮ, ಸೊಪ್ಪು ಹೆಚ್ಚುತ್ತಾ.

ಗುಲ್ಜಾರ್ ಬಾನುವಿನ ಬೆರಳು ನೋಡಲು ನರ್ಸೇ ಬೇಕಿಲ್ಲ.
ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಬಿಚ್ಚಿ ಬಿಚ್ಚಿ
ತುದಿಗಳೆಲ್ಲ ಸುಲಿದ ಕಡಲೆಕಾಯಿ.
ಗ್ಲೌಸ್ ಕೊಟ್ಟೆ. ವಾಪಸು ತಂದಳು:
"ಇದು ಹಾಕ್ಕೊಂಡ್ರೆ ಎಳೆ ಸಿಗಲ್ಲ ಸಿಸ್ಟರ್."
ಅದಕ್ಕೆ ನನ್ನ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಒಂದು ಬೆಳಗಿನ ಜಾವ ಅವಳೇ, ಮಗನನ್ನು ಹೆಗಲ ಮೇಲೆ ಹೊತ್ತು.
ಒಂಬತ್ತು ವರ್ಷ. ನೆಲದ ಮೇಲೆ ಚಾಪೆ ಹಾಕಿ ಮಲಗಿದ್ದ.
ಹೊಟ್ಟೆನೋವು, ಒಂದು ಸಲ ವಾಂತಿ.
ನಿನ್ನೆ ಏನು ತಿಂದೆ? ಮದುವೆಮನೆಯ ಬಿರಿಯಾನಿ.
ಹೊಟ್ಟೆ ಒತ್ತಿ ನೋಡಿದೆ. ಮೆತ್ತಗಿತ್ತು.
'ಅಜೀರ್ಣ' ಎಂದು ಬರೆದೆ, ದುಂಡನೆಯ ಅಕ್ಷರ,
ಗುಲಾಬಿ ಔಷಧಿ ಎರಡು ಚಮಚ.

ಹುಳುವಿಗೆ ಸೊಪ್ಪು ಹಾಕಲು ಎದ್ದಿದ್ದ ಅಕ್ಕಯ್ಯಮ್ಮ
ಬೆಳಕು ಕಂಡು ಬಂದಿದ್ದಳು.
ಹುಡುಗನ ಗದ್ದ ಹಿಡಿದೆತ್ತಿ, ಬಿಟ್ಟಳು. ಮತ್ತೆ ಎತ್ತಿದಳು.
"ಸಿಸ್ಟ್ರೇ, ಇದು ನಿದ್ದೆ ಅಲ್ಲ. ತಲೆ ನಿಲ್ತಿಲ್ಲ ನೋಡಿ."

ಆಗ ಕಂಡಿತು.
ಕಣ್ಣು ಬಿಡು ಎಂದರೆ ಹಣೆಯಷ್ಟೇ ಸುಕ್ಕಾಗುತ್ತಿತ್ತು,
ರೆಪ್ಪೆ ಏಳುತ್ತಿರಲಿಲ್ಲ.
ಹಲ್ಲಿನ ಗುರುತಿಲ್ಲ, ಊತವಿಲ್ಲ, ಒಂದು ತೊಟ್ಟು ರಕ್ತವಿಲ್ಲ.
ಪರೀಕ್ಷೆಗೆಂದು ಕೆಂಪು ಗೆರೆ ಎಳೆದಿದ್ದೆ ಆ ಸಾಲಿಗೆ:
ಕಟ್ಟುಹಾವು ಮಲಗಿದವರನ್ನು ಎಬ್ಬಿಸದೆ ಕಚ್ಚುತ್ತದೆ.

ಮಾರುಕಟ್ಟೆಗೆ ಹೊರಟಿದ್ದ ಟೆಂಪೋ.
ಗೂಡಿನ ಚೀಲಗಳ ನಡುವೆ ಅವನನ್ನು ಒರಗಿಸಿ
ದಾರಿಯುದ್ದಕ್ಕೂ ಉಸಿರು ಎಣಿಸಿದೆ.
ಜಂಗಮಕೋಟೆಯ ರಸ್ತೆ ದಾಟುವಾಗ ಎಣಿಕೆ ತಪ್ಪಿತು,
ಮೊದಲಿಂದ ಶುರು ಮಾಡಿದೆ.
ಗುಲ್ಜಾರ್ ಏನೂ ಕೇಳಲಿಲ್ಲ.

ಮೂರು ದಿನ ಅವನ ಬದಲು ಯಂತ್ರ ಉಸಿರಾಡಿತು.
ಈಗ ಐದನೇ ಕ್ಲಾಸು, ಕಂಡರೆ ಓಡಿಹೋಗುತ್ತಾನೆ,
ಇಂಜೆಕ್ಷನ್ ಭಯ.
ರಿಜಿಸ್ಟರಿನಲ್ಲಿ 'ಅಜೀರ್ಣ' ಹಾಗೇ ಇದೆ.
ಒಂದೇ ಗೆರೆ ಹೊಡೆದಿದ್ದೇನೆ, ಓದಲು ಬರುವಂತೆ.

ಅಂದು ಹೊತ್ತಿಗೆ ಸೊಪ್ಪು ಬೀಳದ ಆ ತಟ್ಟೆಗಳದು
ಏನಾಯಿತೋ, ಅಕ್ಕಯ್ಯಮ್ಮ ಹೇಳಿಲ್ಲ.
ಅವಳ ಎಡಗಣ್ಣಿನ ನಡುವೆ ಬೂದುಬಣ್ಣ ಕಟ್ಟುತ್ತಿದೆ,
ಹೋದ ವರ್ಷವೇ ಗಮನಿಸಿದ್ದೆ.
"ಪೊರೆ ಬಂದಿದೆ, ಆಪರೇಷನ್ ಮಾಡಿಸು," ಎಂದರೆ
ತಟ್ಟೆಯ ಕಡೆ ಕೈ ತೋರಿಸುತ್ತಾಳೆ:
"ಇವಕ್ಕೂ ಬರ್ತದೆ ಪೊರೆ. ಈ ಜ್ವರ ಏಳ್ಲಿ ತಡೀರಿ."